ಮುರಿದದ್ದು ಯಾವುದು

ಗೊಂಬೆಗೂ ಮಣಿಕಟ್ಟಿಗೂ ನಮ್ಮ ಸ್ಪ್ಯಾನಿಷಿನಲ್ಲಿ
ಒಂದೇ ಹೆಸರು: ಮುನ್ಯೇಕಾ.
ಇದು ಗೊತ್ತಿರದವರು ನಮ್ಮೂರಲ್ಲಿ ಯಾರೂ ಇಲ್ಲ.
ಗೊತ್ತಿದ್ದೂ ನಮ್ಮಮ್ಮ ಎಡವಿದಳು,
ಒಂದು ಮಂಗಳವಾರ, ಹನ್ನೊಂದೂಕಾಲಿಗೆ.

ಅಲಿಕಾಂಟೆಯ ಬೆನ್ನಿಗಿರುವ ಒಣಗುಡ್ಡಗಳ ನಡುವೆ
ಆಗ ಒಂದು ಗೊಂಬೆ ಕಾರ್ಖಾನೆ.
ಬಾದಾಮಿ ಹೂ ಬಿಡುವ ತಿಂಗಳಲ್ಲೂ ಬೀದಿಗೆಲ್ಲ
ಕಾದ ಪ್ಲಾಸ್ಟಿಕ್ಕಿನದೇ ವಾಸನೆ.
ಅಮ್ಮ ಎನ್‌ಕಾರ್ನಾ ಕೂರುತ್ತಿದ್ದದ್ದು ಮೂರನೆಯ ಮೇಜಿನಲ್ಲಿ,
ತೋಳಿಗೆ ಅಂಗೈ ಸಿಕ್ಕಿಸುವ ಕೆಲಸ.
ಒತ್ತು, ತಿರುವು, ಟಕ್.
ದಿನಕ್ಕೆ ಒಂಬೈನೂರು ಟಕ್.
ಗೊಂಬೆಯ ಮಣಿಕಟ್ಟು ಅನ್ನಬೇಕಾದರೆ
ಮುನ್ಯೇಕಾದ ಮುನ್ಯೇಕಾ ಅನ್ನಬೇಕು.
ಹುಡುಗಿಯರು ಅದಕ್ಕೆ ನಕ್ಕೂ ನಕ್ಕೂ
ನಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮೇಸ್ತ್ರಿ ಅನ್ಸೆಲ್ಮೊಗೆ ಮೂರನೆಯ ಅರ್ಥವೂ ಗೊತ್ತು.
'ಏನು ಮುನ್ಯೇಕಾ, ಇವತ್ತು ಕೈ ನಿಧಾನ?' ಅನ್ನುತ್ತ
ಹೊಸಬಳ ಕುರ್ಚಿಯ ಹಿಂದೆ ಬಂದು ನಿಲ್ಲುವನು.
ಆ ಅರ್ಥಕ್ಕೆ ಯಾರೂ ತಲೆಯೆತ್ತುತ್ತಿರಲಿಲ್ಲ.

ನಾನು ಬಿದ್ದದ್ದು ಬಟ್ಟೆ ಒಗೆಯುವ ತೊಟ್ಟಿಯ ಕಟ್ಟೆಯಿಂದ.
ಎಂಟು ವರ್ಷ. ಬೀಳುವಾಗ ಕೈಯೂರಿದೆ.
ಸದ್ದೇನೂ ದೊಡ್ಡದಲ್ಲ,
ಎಳೆ ಹುರುಳಿಕಾಯಿ ಮುರಿದಷ್ಟು.
ಪಕ್ಕದ ಮನೆಯ ವಿಸೆಂತಾ ಬೇಕರಿಗೆ ಓಡಿ
ಕಾರ್ಖಾನೆಗೆ ಫೋನು ಹಚ್ಚಿದಳು.
ಆ ಕಡೆ ಯಂತ್ರಗಳ ಗದ್ದಲ, ಅಮ್ಮ
ಒಂದು ಕಿವಿ ಮುಚ್ಚಿ ಇನ್ನೊಂದರಲ್ಲಿ ಕೇಳಿದ್ದು:
'ಹಸಿಂತಾಳ ಮುನ್ಯೇಕಾ ಮುರಿಯಿತು.'

'ಅದಕ್ಕೆ ಅಳಬೇಕೇ? ಭಾನುವಾರ ಅಂಟು ಹಾಕಿ ಕೊಡುತ್ತೇನೆ ಅನ್ನು.'

ವಿಸೆಂತಾ ಬಾಯಿ ತೆರೆಯುವಷ್ಟರಲ್ಲಿ ಲೈನು ಕಡಿಯಿತು.
ಅವಳ ಕೈಯಲ್ಲಿದ್ದದ್ದು ಒಂದೇ ನಾಣ್ಯ.

ಅಮ್ಮ ಮೇಜಿಗೆ ಮರಳಿದಳು.
ಒತ್ತು, ತಿರುವು, ಟಕ್.
ಒಂದಾಯಿತು, ಎರಡಾಯಿತು,
ಮೂರು, ನಾಲ್ಕು.
ಐದನೆಯದರ ಕೈ ಹಿಡಿದಾಗ ಹೊಳೆಯಿತಂತೆ:
ಕಾರ್ಖಾನೆಯ ಗೊಂಬೆ ಕೊಳ್ಳುವ ಸಂಬಳ ತನ್ನದಲ್ಲ,
ಮಗಳ ಹತ್ತಿರ ಇರುವುದು ಚಿಂದಿಗೊಂಬೆ,
ಹಳೇ ಲಂಗದ್ದು, ಹೊಟ್ಟೆಯಲ್ಲಿ ಮರದ ಹೊಟ್ಟು.
ಬಟ್ಟೆ ಹರಿಯುತ್ತದೆ.
ಬಟ್ಟೆ ಮುರಿಯುವುದಿಲ್ಲ.

ಎರಡು ಮೈಲಿ, ಏಪ್ರನ್ನಿನಲ್ಲೇ.
ಡಾಕ್ಟರು ಸುಣ್ಣದ ಪಟ್ಟಿ ಸುತ್ತುತ್ತಿದ್ದರು.
ಬಾಗಿಲಲ್ಲಿ ನಿಂತವಳ ಮುಷ್ಟಿ ಬಿಡಿಸಿದರೆ
ಒಳಗೆ ಒಂದು ಗುಲಾಬಿ ಅಂಗೈ,
ಬೆರಳು ಐದೂ ಸರಿಯಾಗಿವೆ.
ಡಾಕ್ಟರು ನಕ್ಕರು. ಅಮ್ಮ ನಗಲಿಲ್ಲ.
ಅನ್ಸೆಲ್ಮೊ ಅರ್ಧ ದಿನದ ಕೂಲಿ ಹಿಡಿದ,
ಅಂಗೈಯ ಬೆಲೆ ಬೇರೆ.

ನಮ್ಮ ಮೇಷ್ಟ್ರು ಒಮ್ಮೆ ಹೇಳಿದ್ದರು:
ಬಹಳ ಹಿಂದೆ ಆ ಮಾತಿಗೆ ಗೊಂಬೆಯೂ ಇರಲಿಲ್ಲ, ಕೈಯೂ ಇರಲಿಲ್ಲ,
ಅದು ಹೊಲದಂಚಿನ ಗಡಿಕಲ್ಲು.
ಮನೆಗೆ ಬಂದು ಅಮ್ಮನಿಗೆ ಹೇಳಿದೆ.
'ಕಲ್ಲಾಗಿಯೇ ಇದ್ದಿದ್ದರೆ ಏನಾಗುತ್ತಿತ್ತು'
ಅಂದಳು, ಈರುಳ್ಳಿ ಹೆಚ್ಚುತ್ತ.

ಆಮೇಲೆ ಆ ಮಾತನ್ನು ಅವಳು ಒಂಟಿಯಾಗಿ ಹೊರಗೆ ಬಿಡಲಿಲ್ಲ.
'ಕೈಯ ಮುನ್ಯೇಕಾ' ಅನ್ನುವಳು, 'ಆಟದ ಮುನ್ಯೇಕಾ' ಅನ್ನುವಳು,
ಕೇಳಿದವರು ಇವಳೇನು ಪರದೇಶದವಳೋ ಅನ್ನುವಂತೆ ನೋಡುವರು.
ನನ್ನನ್ನಂತೂ ಮುದ್ದಿಗೂ ಹಾಗೆ ಕರೆಯಲಿಲ್ಲ.

ಕೈ ಸರಿಹೋಯಿತು. ಚಳಿಗೆ ತುಸು ನೋಯುತ್ತದೆ.
ತಡವಾಗಿ ಬಂದೆನೆಂದು ಅವಳು ಎಂದೂ ಹೇಳಿದವಳಲ್ಲ.
ಹೇಳುತ್ತಿದ್ದದ್ದು ಇಷ್ಟೇ, ಯಾವಾಗಲೋ, ಯಾವ ಮಾತಿಗೂ ಸಂಬಂಧವಿಲ್ಲದೆ:
'ನಾಲ್ಕು.'

ಆ ನಾಲ್ಕು ಯಾರ ಮನೆಗೆ ಹೋದವೋ.
ಸಂತೆಯ ಹಳೇ ಸಾಮಾನಿನ ರಾಶಿಯಲ್ಲಿ ಗೊಂಬೆ ಕಂಡರೆ
ಈಗಲೂ ಎತ್ತಿ, ಕೈ ತಿರುವಿ ನೋಡುತ್ತೇನೆ.
ಭದ್ರವಾಗಿಯೇ ಇರುತ್ತದೆ.